ಚೀಲದ ಲೆಕ್ಕ ಬಿಟ್ಟೆವು, ಕಿಲೋ ಲೆಕ್ಕ ಹಿಡಿದೆವು

"ಹದಿನಾಲ್ಕು ಚೀಲ ಸಾವೆ ಕೊಟ್ಟೀನಿ ಕಣಣ್ಣ. ಚೀಲಕ್ಕೆ ಅರವತ್ತರಂತೆ 840 ಕಿಲೋ. ನೀನು 477 ಕಿಲೋ ಅಕ್ಕಿಗೆ ದುಡ್ಡು ಕೊಡ್ತಿದೀಯ. ಮಿಕ್ಕಿದ್ದು ಎಲ್ಲೋಯ್ತು?"

"ಹೊಟ್ಟು ಹೋಗುತ್ತಲ್ಲಪ್ಪ."

"ಹೊಟ್ಟು ಹೋಗೋದು ನಂಗೂ ಗೊತ್ತು. ಎಷ್ಟು ಹೋಯ್ತು ಅಂತ ಬರೆದಿಟ್ಟಿದೀಯಾ?"

ಬರೆದಿಟ್ಟಿರಲಿಲ್ಲ. ಕೇಳಿದವನು ನಮ್ಮ ಬದುವಿನಾಚೆಯ ಹೊಲದವನು, ಚಿಕ್ಕಂದಿನಿಂದ ಜತೆಗಿದ್ದವನು. ಜಗಳ ಆಡಲಿಲ್ಲ. ದುಡ್ಡು ಎಣಿಸಿಕೊಂಡು ಎದ್ದು ಹೋದ. ಆಮೇಲೆ ಎರಡು ಸುಗ್ಗಿ ನಮ್ಮ ಗುಂಪಿಗೆ ಒಂದು ಕಾಳೂ ಕೊಡಲಿಲ್ಲ.

ನಮ್ಮದು ಮಾರಿಕಣಿವೆ ಹಿನ್ನೀರಿನ ಕಡೆಯ ಊರು, ಹೊಸದುರ್ಗ ತಾಲ್ಲೂಕು. ಒಂಬತ್ತು ಮನೆಯವರು ಸೇರಿ 2021ರಿಂದ ಇಂಟರ್ನೆಟ್ಟಿನಲ್ಲಿ ಅಂಗಡಿ ನಡೆಸುತ್ತಿದ್ದೇವೆ. ಸಾವೆ ಅಕ್ಕಿ, ನವಣೆ ಅಕ್ಕಿ, ಹುರುಳಿ, ಕೊಬ್ಬರಿ, ಹುಣಸೆಹಣ್ಣು. ಗೋಡೌನ್ ಅಂದರೆ ಹುಳು ಸಾಕೋದು ಬಿಟ್ಟ ಮೇಲೆ ಖಾಲಿ ಬಿದ್ದಿದ್ದ ನನ್ನ ರೇಷ್ಮೆ ಮನೆ. ಲೆಕ್ಕ ಅಂದರೆ ಒಂದು ನೋಟ್‌ಬುಕ್ಕು, ಅದೂ ನೆನಪಾದಾಗ.

ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಅಕ್ಕನ ಮಗ ದೀಪಾವಳಿಗೆ ಬಂದಿದ್ದ. ವಿಷಯ ಕೇಳಿ "ಮಾವ, ಇದಕ್ಕೆ ಸಾಫ್ಟ್‌ವೇರ್ ಇದೆ, ಹಾಕಿಕೊಡ್ತೀನಿ" ಅಂದ. ಅವನು ಹಾಕಿಕೊಟ್ಟದ್ದು ಇಆರ್‌ಪಿನೆಕ್ಸ್ಟ್. ಮುಂಬೈನ ಫ್ರಾಪೆ ಕಂಪನಿಯವರದು, ಮುಕ್ತ ತಂತ್ರಾಂಶ. ತಂತ್ರಾಂಶಕ್ಕೆ ದುಡ್ಡಿಲ್ಲ, ಅದನ್ನು ಇಡುವ ಬಾಡಿಗೆ ಕಂಪ್ಯೂಟರಿಗೆ ಮಾತ್ರ ತಿಂಗಳು ತಿಂಗಳು ಕೊಡಬೇಕು. ಒಡೂ ಅಂತ ಇನ್ನೊಂದೂ ಇದೆ. ಯಾವುದಾದರೂ ಕೆಲಸ ಒಂದೇ.

ಆ ಕೆಲಸ ಏನು ಅಂತ ನನಗೆ ತಿಳಿದದ್ದು ನಮ್ಮ ಡ್ಯಾಮಿನಿಂದ. ಮಾರಿಕಣಿವೆಯ ಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷ ಈ ಸೀಮೆಯ ಜನ ನೋಡಿದ್ದೇ ನೀರಿನ ಅಡಿ ಲೆಕ್ಕ. ನಿನ್ನೆ ಎಷ್ಟಿತ್ತು, ಒಳಹರಿವು ಎಷ್ಟು, ನಾಲೆಗೆ ಬಿಟ್ಟದ್ದು ಎಷ್ಟು, ಬಿಸಿಲಿಗೆ ಆವಿಯಾದದ್ದು ಎಷ್ಟು, ಇವತ್ತು ಎಷ್ಟಿದೆ. ದಾಸ್ತಾನು ಸಾಫ್ಟ್‌ವೇರ್ ಅಂದರೆ ಇಷ್ಟೇ. ನನ್ನ ನೋಟ್‌ಬುಕ್ಕಿನಲ್ಲಿ ಒಳಹರಿವು ಇತ್ತು, ನಾಲೆಯ ಲೆಕ್ಕವೂ ಇತ್ತು. ಆವಿಯ ಲೆಕ್ಕವೇ ಇರಲಿಲ್ಲ. ಗೆಳೆಯ ಕೇಳಿದ್ದೂ ಅದನ್ನೇ.

ಕಂಪ್ಯೂಟರ್ ಮುಂದೆ ಕೂತ ಮೊದಲ ದಿನವೇ ತಡವರಿಸಿದೆ. ಸಾವೆ ಅಂತ ಹೆಸರು ಹಾಕಿದೆ. "ಅಳತೆ ಯಾವುದು?" ಅಂತ ಕೇಳಿತು. ಚೀಲ ಅಂದೆ. "ಒಂದು ಚೀಲಕ್ಕೆ ಎಷ್ಟು ಕಿಲೋ?" ನನ್ನಲ್ಲಿ ಉತ್ತರ ಇರಲಿಲ್ಲ. ನಮ್ಮಲ್ಲಿ ಗೋಣಿಚೀಲವೂ ಚೀಲವೇ, ಗೊಬ್ಬರದ ಖಾಲಿ ಪ್ಲಾಸ್ಟಿಕ್ ಚೀಲವೂ ಚೀಲವೇ. ಬಾಯಿ ಹೊಲಿದದ್ದೂ ಒಂದೇ, ಗಂಟು ಹಾಕಿದ್ದೂ ಒಂದೇ. ಅವತ್ತೇ ತಕ್ಕಡಿ ತರಿಸಿ, ಗೆಳೆಯ ತುಂಬಿದಂಥ ಚೀಲಗಳಲ್ಲೇ ಸಾವೆ ತುಂಬಿ ತೂಗಿದೆ. 55 ಕಿಲೋ ಮೇಲೆ ಏರಲಿಲ್ಲ. 14 ಚೀಲಕ್ಕೆ 770 ಕಿಲೋ. ನೂರಕ್ಕೆ 62ರಂತೆ ಅಕ್ಕಿ ಆದರೆ 477. ನಾನೂ ಕದ್ದಿರಲಿಲ್ಲ, ಅವನೂ ಸುಳ್ಳು ಹೇಳಿರಲಿಲ್ಲ. ಆದರೆ ಎರಡು ವರ್ಷ ತಡವಾಗಿತ್ತು.

ಆದ್ದರಿಂದ ನೀವು ಶುರು ಮಾಡುವುದಾದರೆ ಮೊದಲು ತಕ್ಕಡಿ ಕೊಳ್ಳಿ, ಕಂಪ್ಯೂಟರ್ ಆಮೇಲೆ.

ಎರಡನೇದು ಲಾಟ್ ನಂಬರ್. ಎಪಿಎಂಸಿಗೆ ಹೋದವರಿಗೆ ಇದು ಹೊಸದಲ್ಲ. 2014ರಲ್ಲಿ ರಾಜ್ಯದ ಮಾರುಕಟ್ಟೆಗಳಿಗೆ ಏಕೀಕೃತ ಮಾರುಕಟ್ಟೆ ವೇದಿಕೆ ಶುರುವಾದ ಮೇಲೆ ರೈತನ ರಾಶಿಗೆ ಒಂದು ನಂಬರ್ ಬೀಳುತ್ತದೆ, ಟೆಂಡರ್ ಆ ನಂಬರಿನ ಮೇಲೆ. ನಾವೂ ಹಾಗೇ ಮಾಡಿದೆವು. ಯಾರ ಮನೆಯದು, ಯಾವ ದಿನ ಬಂತು, ಎಷ್ಟು ಕಿಲೋ. ಅಕ್ಕಿ ಮಾಡಿಸಿದಾಗ ಕಾಳು ಇಷ್ಟು ಹೋಯ್ತು, ಅಕ್ಕಿ ಇಷ್ಟು, ನುಚ್ಚು ಇಷ್ಟು, ಹೊಟ್ಟು ಇಷ್ಟು ಬಂತು ಅಂತ ನಾಲ್ಕೂ ಬರೆಯುತ್ತೇವೆ. ನಮ್ಮ ಲಾಟುಗಳಲ್ಲಿ ಸಾವೆ ಅಕ್ಕಿ ನೂರಕ್ಕೆ 58ಕ್ಕೂ ಇಳಿದಿದೆ, 66ಕ್ಕೂ ಏರಿದೆ. ಹೊಲದಿಂದ ಹೊಲಕ್ಕೆ ಇಷ್ಟು ವ್ಯತ್ಯಾಸ ಇದೆ ಅಂತ ಎಲ್ಲರಿಗೂ ಸರಾಸರಿ ಕಟ್ಟುತ್ತಿದ್ದಾಗ ಗೊತ್ತೇ ಆಗಿರಲಿಲ್ಲ. ಚೆನ್ನಾಗಿ ಒಣಗಿಸಿ ತೂರಿ ತಂದವನಿಗೆ ಅಷ್ಟು ವರ್ಷ ಮೋಸ ಆಗುತ್ತಿತ್ತು ಅನ್ನಿ.

ಮೂರನೇದು ಜಾಗ. ರೇಷ್ಮೆ ಮನೆಯನ್ನು ಕಾಳು, ಪ್ಯಾಕೆಟ್ಟು, ವಾಪಸ್ ಬಂದದ್ದು ಅಂತ ಮೂರು ಉಗ್ರಾಣ ಮಾಡಿದೆವು. ಗೋಡೆ ಕಟ್ಟಲಿಲ್ಲ, ಸುಣ್ಣದ ಗೆರೆ ಎಳೆದೆವು ಅಷ್ಟೇ. ವಾಪಸ್ ಬಂದದ್ದಕ್ಕೆ ಬೇರೆ ಜಾಗ ಬೇಕೇ ಬೇಕು. ಮೊದಲು ಅದನ್ನೂ ಒಳ್ಳೆಯದರ ಜತೆ ಇಟ್ಟು ಒಮ್ಮೆ ಹುಳು ಬಲೆ ಕಟ್ಟಿದ ಪ್ಯಾಕೆಟ್ಟನ್ನೇ ಇನ್ನೊಬ್ಬರಿಗೆ ಕಳಿಸಿದ್ದೆವು. ಅವರು ಫೋಟೋ ತೆಗೆದು ಕಳಿಸಿದರು. ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಸಾಫ್ಟ್‌ವೇರಿನಿಂದ ನಿಜವಾದ ಲಾಭ ಇಲ್ಲೇ ಆದದ್ದು. ವಾಪಸ್ ಬಂದ ಪ್ಯಾಕೆಟ್ಟುಗಳ ಲಾಟ್ ನೋಡಿದರೆ ಹೆಚ್ಚೂಕಮ್ಮಿ ಎಲ್ಲವೂ ಅಕ್ಕಿ ಮಾಡಿಸಿ ಎರಡು ತಿಂಗಳು ದಾಟಿದವು. ಸಿಪ್ಪೆ ಇರುವ ಸಾವೆ, ನವಣೆ ವರ್ಷಗಟ್ಟಲೆ ಕೆಡುವುದಿಲ್ಲ, ನಮ್ಮ ಅಜ್ಜಂದಿರು ಬರಗಾಲಕ್ಕೆ ಇಡುತ್ತಿದ್ದದ್ದು ಅದಕ್ಕೇ. ಸಿಪ್ಪೆ ತೆಗೆದ ಮೇಲೆ ತೌಡಿನ ಎಣ್ಣೆ ಅಂಶ ಗಾಳಿಗೆ ಕಮಟಾಗುತ್ತದೆ, ಹುಳುವೂ ಬೇಗ ಹತ್ತುತ್ತದೆ. ಗೊತ್ತಿದ್ದ ವಿಷಯವೇ, ಆದರೂ ಮಿಲ್ಲು ಖಾಲಿ ಇದೆ ಅಂತ ಒಟ್ಟಿಗೆ ಹತ್ತು ಕ್ವಿಂಟಲ್ ಮಾಡಿಸಿಬಿಡುತ್ತಿದ್ದೆವು. ಈಗ ದಾಸ್ತಾನೆಲ್ಲ ಕಾಳಾಗಿಯೇ ಇರುತ್ತದೆ. ಅಕ್ಕಿ 40 ಕಿಲೋಗೆ ಇಳಿದಾಗ ಫೋನಿಗೆ ಸೂಚನೆ ಬರುತ್ತದೆ, ಆಗ ಮಿಲ್ಲಿಗೆ. ಹಾಗೇ ಯಾವುದರ ವಾಯಿದೆ ಮೊದಲು ಮುಗಿಯುತ್ತದೋ ಅದು ಮೊದಲು ಹೊರಗೆ. ಲಾಟ್ ನಂಬರ್ ಮತ್ತು ತಾರೀಕನ್ನು ಪ್ಯಾಕೆಟ್ಟಿನ ಮೇಲೆ ಕಾನೂನು ಹೇಗೂ ಕೇಳುತ್ತದೆ.

ನಮ್ಮ ಸ್ವಂತ ಅಂಗಡಿ ಅಲ್ಲದೆ ಇನ್ನೊಂದು ದೊಡ್ಡ ಮಾರಾಟ ತಾಣದಲ್ಲೂ ಇದ್ದೇವೆ. ಐದು ಕೊಬ್ಬರಿ ಪ್ಯಾಕೆಟ್ ಇದ್ದವು. ಎರಡೂ ಕಡೆ ಐದೈದು ತೋರಿಸಿ ಎಂಟು ಮಾರಾಟ ಆಗಿಹೋಯಿತು. ಮೂರು ಜನಕ್ಕೆ ಕೈಮುಗಿದು ದುಡ್ಡು ವಾಪಸ್ ಮಾಡಿದೆ. ಈಗ ಎರಡನ್ನೂ ಒಂದೇ ದಾಸ್ತಾನಿಗೆ ಜೋಡಿಸಿದ್ದೇವೆ. ನಮ್ಮೂರಿನ ನೆಟ್‌ವರ್ಕ್ ನಂಬುವಂಥದ್ದಲ್ಲ, ಹಾಗಾಗಿ ಇರುವುದಕ್ಕಿಂತ ನಾಲ್ಕು ಕಮ್ಮಿಯೇ ತೋರಿಸುತ್ತೇವೆ. ಡ್ಯಾಮಿನ ಡೆಡ್ ಸ್ಟೋರೇಜ್ ಇದ್ದ ಹಾಗೆ, ಅದನ್ನು ನಾಲೆಗೆ ಬಿಡುವುದಿಲ್ಲ. ದಾಸ್ತಾನು ಸೊನ್ನೆಗಿಂತ ಕೆಳಗೆ ಹೋಗಲು ಬಿಡುವ ಒಂದು ಅನುಕೂಲವೂ ಇದರೊಳಗೆ ಇದೆ. ಅವಸರದಲ್ಲಿ ಒತ್ತಬೇಡಿ. ಒತ್ತಿದರೆ ತಪ್ಪು ಎಲ್ಲಿ ಆಯಿತು ಅಂತ ಹುಡುಕುವುದರಲ್ಲೇ ವಾರ ಹೋಗುತ್ತದೆ.

ಅಂಗಡಿಯವರು ಮಾರಿದ ಲೇಬಲ್ ಪ್ರಿಂಟರ್ ಶಾಯಿ ಬೇಡದ್ದು, ಕಾಗದ ಬಿಸಿಯಾಗಿ ಅಕ್ಷರ ಮೂಡುವಂಥದ್ದು. ಏಪ್ರಿಲ್ ಬಿಸಿಲಿಗೆ ತಗಡಿನ ಸೂರಿನ ಕೆಳಗೆ ಕಾಗದವೇ ಕಪ್ಪಾಗಿ ಅಕ್ಷರ ಓದಲು ಆಗಲಿಲ್ಲ. ಕೊರಿಯರ್ ಚೀಟಿಗೆ ಸರಿ, ಕಾಳಿನ ಚೀಲಕ್ಕೆ ಮಾರ್ಕರ್ ಪೆನ್ನೇ ಗತಿ. ಕರೆಂಟ್ ಇಲ್ಲದಾಗ ನೋಟ್‌ಬುಕ್ಕಿನಲ್ಲಿ ಬರೆದು, ಬಂದ ಮೇಲೆ ಏರಿಸುತ್ತೇವೆ. ನೋಟ್‌ಬುಕ್ ಬಿಟ್ಟಿಲ್ಲ.

ವಾರಕ್ಕೊಂದು ಮೂಲೆ ಕೈಯಲ್ಲಿ ಎಣಿಸುತ್ತೇವೆ. ಮೊದಲ ಸಲ ಎಣಿಸಿದಾಗ 23 ಪ್ಯಾಕೆಟ್ ಕಮ್ಮಿ. ಯಾರ ಮುಖ ಯಾರು ನೋಡುವುದು? ರಾತ್ರಿ ಊಟಕ್ಕೆ ಕೂತಾಗ ನಮ್ಮನೆಯಾಕೆ ನಕ್ಕಳು. "ನೆಂಟರು ಬಂದಾಗೆಲ್ಲ ಉಪ್ಪಿಟ್ಟು ಯಾವುದರದ್ದು ಅಂದ್ಕೊಂಡ್ರಿ?" ಮನೆಗೆ ಬಳಸಿದ್ದು, ನಾನೇ ಸ್ಯಾಂಪಲ್ ಅಂತ ಹಂಚಿದ್ದು ಸೇರಿ 17 ಸಿಕ್ಕವು. ಆರು ಇವತ್ತಿಗೂ ಸಿಕ್ಕಿಲ್ಲ. ಆ 17ರ ದುಡ್ಡು ನನ್ನ ಲೆಕ್ಕದಲ್ಲಿ ಕಳೆದಿದ್ದೇನೆ, ಒಂಬತ್ತು ಮನೆಯವರ ಫೋನಿನಲ್ಲೂ ಅದು ಕಾಣುತ್ತದೆ.

ಗೆಳೆಯನ ಮನೆಗೆ ಹೋಗಿ ಅವನ 14 ಚೀಲದ ಲೆಕ್ಕ ಹೊಸದಾಗಿ ಹೇಳಿದೆ. ಸುಮ್ಮನೆ ಕೇಳಿದ. ಹೋದ ಬೇಸಿಗೆಯಲ್ಲಿ ಹುಣಸೆಹಣ್ಣು ತಂದ. ತಕ್ಕಡಿ ಪಕ್ಕ ನಿಂತು ಪ್ರತಿ ಬುಟ್ಟಿಯನ್ನೂ ನೋಡಿದ, ಫೋನಿಗೆ ಲಾಟ್ ನಂಬರ್ ಬರುವವರೆಗೆ ಕದಲಲಿಲ್ಲ. ಸಾವೆ ತರ್ತೀಯಾ ಅಂತ ಕೇಳಿದೆ.

"ನೋಡಾನ ತಡಿಯಣ್ಣ, ಹುಣಸೆಹಣ್ಣಿನ ಲೆಕ್ಕ ಬರಲಿ" ಅಂದ.