ದಿನಕ್ಕೆ ಎರಡು ಪೈಸೆ ಕೊಟ್ಟು ಕರೆದ ಶಾಲೆ

ಮಂಗಳೂರಿನ ಪುರಭವನಕ್ಕೆ ಈಗ ಕುದ್ಮುಲ್ ರಂಗರಾಯರ ಹೆಸರಿದೆ. ನಾಟಕಕ್ಕೋ ಸಭೆಗೋ ಅಲ್ಲಿಗೆ ಹೋಗುವವರಿಗೆಲ್ಲ ಆ ಹೆಸರು ಬಾಯಿಗೆ ಬರುತ್ತದೆ. ಅದು ಊರಿನಲ್ಲಿ ಮೊದಲು ಸುದ್ದಿಯಾದದ್ದು ಮಾತ್ರ ಒಂದು ಪುಟ್ಟ ಪ್ರಾಥಮಿಕ ಶಾಲೆಯಿಂದ.

1892ರಲ್ಲಿ ಉರ್ವ ಚಿಲಿಂಬಿಯಲ್ಲಿ ರಾಯರು ದಲಿತ ಮಕ್ಕಳಿಗಾಗಿ ಆ ಶಾಲೆ ತೆರೆದರು. 1859ರಲ್ಲಿ ಕಾಸರಗೋಡಿನಲ್ಲಿ ಸಾರಸ್ವತ ಕುಟುಂಬದಲ್ಲಿ ಹುಟ್ಟಿದ ಅವರು ಮಂಗಳೂರಿನಲ್ಲಿ ವಕೀಲರಾಗಿದ್ದರು. ಉಳ್ಳಾಲ ರಘುನಾಥಯ್ಯನವರ ಬ್ರಹ್ಮಸಮಾಜದ ನಂಟು ಅವರನ್ನು ಈ ದಾರಿಗೆ ಎಳೆದಿತ್ತು. ಸ್ವಜಾತಿಯವರು ಬಹಿಷ್ಕಾರ ಹಾಕಿದರು. ಪಾಠ ಹೇಳಲು ಮೇಲ್ಜಾತಿಯ ಮೇಷ್ಟ್ರುಗಳು ಮುಂದೆ ಬರಲಿಲ್ಲ. ಕೈಹಿಡಿದವರು ಕ್ರೈಸ್ತ ಶಿಕ್ಷಕರು.

ಇದಕ್ಕಿಂತ ದೊಡ್ಡ ತೊಡಕು ಮಕ್ಕಳ ಮನೆಯಲ್ಲೇ ಇತ್ತು. ಕೂಲಿಗೆ ಹೋಗುವ ಹುಡುಗ ಶಾಲೆಗೆ ಬಂದರೆ ಆ ದಿನದ ಗಳಿಕೆ ಹೋಯಿತು. ರಾಯರು ಇದಕ್ಕೆ ಉಪದೇಶ ಮಾಡುತ್ತ ಕೂರಲಿಲ್ಲ. ಮಗುವನ್ನು ಕಳಿಸಿದ ತಂದೆತಾಯಿಗೆ ದಿನಕ್ಕೆ ಎರಡು ಪೈಸೆ ಕೊಟ್ಟರು, ಮಕ್ಕಳಿಗೆ ಮಧ್ಯಾಹ್ನ ಊಟ ಹಾಕಿದರು. ಕರ್ನಾಟಕದಲ್ಲಿ ಸರ್ಕಾರಿ ಬಿಸಿಯೂಟ ಬರಲು ಇನ್ನೂ ಒಂದು ಶತಮಾನ ಬಾಕಿಯಿತ್ತು! ಹಸಿವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹಾಜರಿ ಪುಸ್ತಕ ತುಂಬುವುದಿಲ್ಲ ಎಂಬುದನ್ನು ಈ ವಕೀಲರು ಆಗಲೇ ಬಲ್ಲವರಾಗಿದ್ದರು.

ಈ ಕೆಲಸವನ್ನು ಮುಂದುವರಿಸಲು 1897ರಲ್ಲಿ ರಾಯರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಊರವರ ಬಾಯಲ್ಲಿ ಡಿ.ಸಿ.ಎಂ. ಕೊಡಿಯಾಲ್‌ಬೈಲಿನ ಶೇಡಿಗುಮ್ಮೆ ಅದರ ನೆಲೆಯಾಯಿತು. ಅಕ್ಷರದ ಜೊತೆಗೆ ನೇಯ್ಗೆ, ಬಡಗಿ ಕೆಲಸವನ್ನೂ ಅಲ್ಲಿ ಕಲಿಸಿದರು.

ಶಾಲೆಯಲ್ಲಿ ಹೇಳಿದ್ದನ್ನು ಅವರು ಮನೆಯಲ್ಲೂ ನಡೆಸಿದರು. ಮಗಳು ರಾಧಾಬಾಯಿ ಜಾತಿಯ ಹೊರಗೆ, ಮದ್ರಾಸ್ ಪ್ರಾಂತ್ಯದ ರಾಜಕಾರಣಿ ಪಿ. ಸುಬ್ಬರಾಯನ್ ಅವರನ್ನು ಮದುವೆಯಾದರು. 1938ರಲ್ಲಿ ಅಂದಿನ ಕೇಂದ್ರ ಶಾಸಕಾಂಗದ ಮೇಲ್ಮನೆಯಾದ ಕೌನ್ಸಿಲ್ ಆಫ್ ಸ್ಟೇಟ್ ಪ್ರವೇಶಿಸಿದ ಮೊದಲ ಮಹಿಳೆ ರಾಧಾಬಾಯಿಯೇ.

1927ರಲ್ಲಿ ರಾಯರು ಸಂನ್ಯಾಸ ಪಡೆದು ಈಶ್ವರಾನಂದರಾದರು. ಮರುವರ್ಷ ಜನವರಿ 30ರಂದು ನಿಧನರಾದರು. ತಮ್ಮ ಶವವನ್ನು ತೋಟಿಗಳೇ ಹೊರಬೇಕೆಂದು ಮೊದಲೇ ಹೇಳಿಟ್ಟಿದ್ದರು. ನಂದಿಗುಡ್ಡೆಯ ಸಮಾಧಿಯ ಮೇಲೆ ಅವರ ಇನ್ನೊಂದು ಆಸೆ ಕೆತ್ತಿದೆ: ದಲಿತರ ಮಕ್ಕಳು ಓದಿ, ಈ ಬೀದಿಯಲ್ಲಿ ಕಾರಿನಲ್ಲಿ ಓಡಾಡಬೇಕು, ಆ ಧೂಳು ತಮ್ಮ ತಲೆಗೆ ತಾಗಬೇಕು. ಕಾರೇ ಬೇಕೆಂದದ್ದನ್ನು ಗಮನಿಸಬೇಕು. ಆಗ ಮಂಗಳೂರಿನ ಸಿರಿವಂತರಲ್ಲೂ ಅದು ಎಲ್ಲರ ಬಳಿ ಇರಲಿಲ್ಲ.