ಐವತ್ತು ಕಿಲೋ ರೋಗಿಗೆ ಎಷ್ಟು ವಯಲ್?

ಲೈಪೊಸೋಮಲ್ ಆಂಫೊಟೆರಿಸಿನ್ ಬಿ ಬರುವುದು 50 ಮಿಲಿಗ್ರಾಂನ ಪುಟ್ಟ ವಯಲ್‌ಗಳಲ್ಲಿ. ಶಿಲೀಂಧ್ರದ ಕೋಶಪೊರೆಯಲ್ಲೂ ಕಾಲಾ ಅಜಾರ್ ತರುವ ಲೀಶ್ಮೇನಿಯಾ ಪರಾವಲಂಬಿಯ ಪೊರೆಯಲ್ಲೂ ಇರುವ ಎರ್ಗೊಸ್ಟೆರಾಲ್‌ಗೆ ಅಂಟಿಕೊಂಡು ಪೊರೆಯನ್ನು ತೂತು ಮಾಡುತ್ತದೆ. ಹಾಗಾಗಿ ಎರಡಕ್ಕೂ ಇದೇ ಮದ್ದು. ಪ್ರಮಾಣ ಮಾತ್ರ ಒಂದೇ ಅಲ್ಲ.

50 ಕಿಲೋ ತೂಗುವ ಕಾಲಾ ಅಜಾರ್ ರೋಗಿಗೆ ಭಾರತದಲ್ಲಿ ಕಿಲೋಗೆ 10 ಮಿಲಿಗ್ರಾಂನಂತೆ ಒಂದೇ ಸಲ ಕೊಡುತ್ತಾರೆ: 10 ವಯಲ್. ಅದೇ ರೋಗಿಗೆ ಎಚ್‌ಐವಿಯೂ ಇದ್ದರೆ, ವಿಶ್ವ ಆರೋಗ್ಯ ಸಂಸ್ಥೆಯ 2022ರ ಶಿಫಾರಸಿನಂತೆ ಕಿಲೋಗೆ ಒಟ್ಟು 30 ಮಿಲಿಗ್ರಾಂ, ಅಂದರೆ 30 ವಯಲ್. ಜೊತೆಗೆ 14 ದಿನ ಮಿಲ್ಟೆಫೊಸಿನ್. ಪರಾವಲಂಬಿ ಬದಲಾಗಿಲ್ಲ, ಎದುರಿಸುವ ಮೈ ಸೋತಿದೆ, ಅಷ್ಟೆ.

ಕಪ್ಪು ಶಿಲೀಂಧ್ರದ ಲೆಕ್ಕ ಇನ್ನೂ ದೊಡ್ಡದು. ದಿನಕ್ಕೆ ಕಿಲೋಗೆ 5 ಮಿಲಿಗ್ರಾಂ ಎಂದರೆ 5 ವಯಲ್, ನಾಲ್ಕು ವಾರಕ್ಕೆ 140. ವಯಲ್‌ಗೆ 5,000 ರೂಪಾಯಿ ಎಂದು ಹಿಡಿದರೆ ಮದ್ದಿಗೇ 7 ಲಕ್ಷ. ಶಸ್ತ್ರಚಿಕಿತ್ಸೆ, ಹಾಸಿಗೆ ಬೇರೆ. 2021ರ ಜೂನ್ 12ರಂದು ಜಿಎಸ್‌ಟಿ ಮಂಡಳಿ ಇದರ ಮೇಲಿನ ಶೇ 5 ತೆರಿಗೆ ಕೈಬಿಟ್ಟಿತು. 7 ಲಕ್ಷಕ್ಕೆ 35 ಸಾವಿರ ಉಳಿತಾಯ. ಬೇಡವೆನ್ನುವವರಿಲ್ಲ, ಆದರೆ ಮದ್ದೇ ಸಿಗದಿದ್ದಾಗ ತೆರಿಗೆ ಉಳಿದು ಏನು ಬಂತು?

ಆ ಮೇ ತಿಂಗಳಿಗೆ ಕೇಂದ್ರ ಹಾಕಿದ್ದ ಅಂದಾಜು ಹೀಗಿತ್ತು: ದೇಶದಲ್ಲಿ ತಯಾರಿಕೆ 1,63,752 ವಯಲ್, ಆಮದು 3,63,000. ಒಟ್ಟು 5,26,752. ಅದನ್ನು 140ರಿಂದ ಭಾಗಿಸಿದರೆ ಪೂರ್ತಿ ಚಿಕಿತ್ಸೆ ದಕ್ಕುವುದು ಸುಮಾರು 3,760 ಜನಕ್ಕೆ. ಜುಲೈ ಮಧ್ಯದ ಹೊತ್ತಿಗೆ ದೇಶದ ಪ್ರಕರಣಗಳು 45 ಸಾವಿರ ದಾಟಿದ್ದವು. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಅದರ ಮೇಲೆ ಕೋವಿಡ್‌ಗೆ ಕೊಟ್ಟ ಸ್ಟಿರಾಯ್ಡ್: ಹೆಚ್ಚಿನವರ ಕಥೆ ಇದೇ.

ಕಡಿಮೆ ವಯಲ್‌ನಲ್ಲಿ ಮುಗಿಸಿದ ಉದಾಹರಣೆ ಆಫ್ರಿಕಾದಿಂದ ಬಂತು. ಏಡ್ಸ್ ರೋಗಿಗಳ ಮಿದುಳು ಪೊರೆಗೆ ತಗಲುವ ಕ್ರಿಪ್ಟೊಕಾಕಸ್ ಶಿಲೀಂಧ್ರದ ಮೇಲೆ ಐದು ದೇಶಗಳಲ್ಲಿ ನಡೆದ ‘ಆಂಬಿಷನ್’ ಪ್ರಯೋಗದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಒಂದೇ ದೊಡ್ಡ ಡೋಸ್, 10 ವಯಲ್, ಜೊತೆಗೆ ಎರಡು ವಾರ ಫ್ಲುಸೈಟೊಸಿನ್ ಮತ್ತು ಫ್ಲುಕೊನಜೋಲ್ ಮಾತ್ರೆ. ಹತ್ತು ವಾರದಲ್ಲಿ ಸತ್ತವರು ಶೇ 24.8, ಏಳು ದಿನ ಹಳೆಯ ಆಂಫೊಟೆರಿಸಿನ್ ಪಡೆದವರಲ್ಲಿ ಶೇ 28.7. ಬಡ ದೇಶಗಳಿಗೆ ಗಿಲಿಯಡ್ ಕಂಪನಿ 2018ರಲ್ಲಿ ಘೋಷಿಸಿದ ವಯಲ್ ದರ 16.25 ಡಾಲರ್, ಹತ್ತಕ್ಕೆ 162.50.

ಇಷ್ಟಾದರೂ ನಾಲ್ವರಲ್ಲಿ ಒಬ್ಬರು ಉಳಿಯಲಿಲ್ಲ. ಹಾಗಾಗಿ ಮೊದಲೇ ತಡೆಯುವುದು ಮೇಲು. ಎಚ್‌ಐವಿ ಕೊಲ್ಲುವ ರೋಗನಿರೋಧಕ ಕೋಶಗಳ, ಅಂದರೆ ಸಿಡಿ4 ಕೋಶಗಳ, ಎಣಿಕೆ 200ಕ್ಕಿಂತ ಇಳಿದವರಿಗೆ ದಿನಕ್ಕೊಂದು ಕೋಟ್ರೈಮಾಕ್ಸಜೋಲ್ ಮಾತ್ರೆ ಕೊಟ್ಟರೆ ನ್ಯೂಮೊಸಿಸ್ಟಿಸ್ ಶಿಲೀಂಧ್ರವನ್ನೂ ಟಾಕ್ಸೊಪ್ಲಾಸ್ಮಾ ಪರಾವಲಂಬಿಯನ್ನೂ ಬಹುಮಟ್ಟಿಗೆ ತಡೆಯಬಹುದು. 100ಕ್ಕಿಂತ ಇಳಿದಿದ್ದರೆ ಬೆರಳಗಲದ ಪಟ್ಟಿ ಪರೀಕ್ಷೆ ಸಾಕು, ಕ್ರಿಪ್ಟೊಕಾಕಸ್ ಮಿದುಳಿಗೆ ಏರುವ ಮೊದಲೇ ರಕ್ತದಲ್ಲಿ ಸಿಕ್ಕಿಬೀಳುತ್ತದೆ. ಆದರೆ ಇವೆಲ್ಲಕ್ಕೂ ಸಿಡಿ4 ಎಣಿಸಬೇಕು. 2017ರಿಂದ ಭಾರತದಲ್ಲಿ ಎಚ್‌ಐವಿ ಇರುವ ಎಲ್ಲರಿಗೂ ಚಿಕಿತ್ಸೆ ಶುರುಮಾಡಲು ಆ ಎಣಿಕೆ ಬೇಕಿಲ್ಲ, ಒಳ್ಳೆಯದೇ. ಯಾರ ಮೈ ಎಷ್ಟು ಸೋತಿದೆ ಎಂದು ತಿಳಿಯಲು ಮಾತ್ರ ಇವತ್ತಿಗೂ ಅದೇ ಬೇಕು.