ಮನೆಯ ಸಿನಿಮಾ, ಕೋಣೆಯ ಧ್ವನಿ



1884ರಲ್ಲಿ ಆರಂಭವಾದ ಗುಬ್ಬಿ ನಾಟಕ ಕಂಪನಿಯ ಮೊದಲ ದಿನಗಳಲ್ಲಿ ರಂಗದ ಮೇಲೆ ಮೈಕ್ ಇರಲಿಲ್ಲ. ಕೊನೆಯ ಸಾಲಿನವರಿಗೂ ಮಾತು ಮುಟ್ಟುವಂತೆ ನಟನೇ ದನಿ ಎತ್ತಬೇಕಿತ್ತು. ಇಂದು ಗುಬ್ಬಿ, ಕುಣಿಗಲ್‌ಗಳ ಮನೆಗಳಲ್ಲೂ ಹೋಮ್ ಥಿಯೇಟರ್ ಇಡಬಹುದು. ಆದರೆ ಹೊಡೆದಾಟದ ಸದ್ದಿಗೆ ಕಿಟಕಿ ನಡುಗಿ, ಮಾತು ಮಾತ್ರ ಕೇಳಿಸದಿದ್ದರೆ ಏನು ಮಾಡಬೇಕು? ಹೊಸದನ್ನು ಕೊಳ್ಳುವ ಮೊದಲು ಇರುವುದನ್ನೇ ಸರಿಹೊಂದಿಸಿ ನೋಡಬೇಕು.

ಮೊದಲನೆಯದು ದೂರ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 345 ಮೀಟರ್ ಚಲಿಸುತ್ತದೆ. ತುಮಕೂರಿನಿಂದ ಸುಮಾರು 20 ಕಿ.ಮೀ. ದೂರದ ಗುಬ್ಬಿಯನ್ನು ಮುಟ್ಟಲು ಅದಕ್ಕೆ ಒಂದು ನಿಮಿಷ ಬೇಕು. ಕೋಣೆಯೊಳಗೆ ಮೀಟರಿಗೆ ಸುಮಾರು 3 ಮಿಲಿಸೆಕೆಂಡ್. ಮುಂದಿನ ಸ್ಪೀಕರ್ 3 ಮೀಟರ್, ಹಿಂದಿನದು 1.5 ಮೀಟರ್ ದೂರವಿದ್ದರೆ ಹಿಂದಿನ ಸದ್ದು 4 ಮಿಲಿಸೆಕೆಂಡಿಗೂ ಹೆಚ್ಚು ಮೊದಲೇ ಕಿವಿ ಸೇರುತ್ತದೆ. ನೀವು ಕೂರುವ ಜಾಗದಿಂದ ಪ್ರತಿ ಸ್ಪೀಕರಿನ ದೂರ ಅಳೆದು ರಿಸೀವರಿಗೆ ತಿಳಿಸಿದರೆ, ಅದು ಹತ್ತಿರದ ಸ್ಪೀಕರನ್ನು ಅಷ್ಟು ಹೊತ್ತು ತಡೆಹಿಡಿಯುತ್ತದೆ.

ಎರಡನೆಯದು ಮಟ್ಟ. ರಿಸೀವರಿನ ಟೆಸ್ಟ್ ಟೋನ್ ಹಾಕಿ, ಕುಳಿತಾಗ ಕಿವಿ ಇರುವ ಎತ್ತರದಲ್ಲಿ ಶಬ್ದಮಾಪಕ ಹಿಡಿಯಿರಿ. ಎಲ್ಲ ಸ್ಪೀಕರುಗಳೂ ಒಂದೇ ಅಂಕಿ, ಸಾಮಾನ್ಯವಾಗಿ 75 ಡೆಸಿಬೆಲ್, ತೋರಿಸಬೇಕು. ಸಿನಿಮಾದ ಮಾತು ಹೆಚ್ಚಾಗಿ ನಡುವಿನ ಸ್ಪೀಕರಿನಿಂದ ಬರುವುದರಿಂದ ಅದನ್ನು ವಿಶೇಷವಾಗಿ ಗಮನಿಸಿ.

ಮೂರನೆಯದು ಸಬ್‌ವೂಫರ್. ಚಿಕ್ಕ ಸ್ಪೀಕರುಗಳು ತಗ್ಗು ಸ್ವರವನ್ನು ಚೆನ್ನಾಗಿ ನುಡಿಸಲಾರವು. ಆದ್ದರಿಂದ ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ಸದ್ದನ್ನು ಸಬ್‌ವೂಫರಿಗೆ ಒಪ್ಪಿಸುವುದು ರೂಢಿ. ಇದನ್ನು ಕ್ರಾಸ್‌ಓವರ್ ಎನ್ನುತ್ತಾರೆ. ಇಲ್ಲಿ ಕೋಣೆಯೂ ವಾದ್ಯದಂತೆ ವರ್ತಿಸುತ್ತದೆ. 40 ಹರ್ಟ್ಸ್ ಸದ್ದಿನ ತರಂಗದೂರ ಸುಮಾರು 8.6 ಮೀಟರ್. ಕೋಣೆಯ ಉದ್ದ ಅದರ ಅರ್ಧ, ಅಂದರೆ 4.3 ಮೀಟರ್ ಇದ್ದರೆ, ಗೋಡೆಗೆ ಬಡಿದು ಮರಳುವ ಅಲೆ ಎದುರು ಬರುವ ಅಲೆಯೊಡನೆ ಕೂಡಿ ಸ್ಥಿರ ತರಂಗವಾಗುತ್ತದೆ. ಆಗ ಆ ಸ್ವರ ಗೋಡೆಯ ಬಳಿ ಗುಡುಗುತ್ತದೆ, ಕೋಣೆಯ ನಡುವೆ ಕ್ಷೀಣಿಸುತ್ತದೆ. ಇಂಥ ನಡುಜಾಗದಲ್ಲಿ ಕುಳಿತು ಸಬ್‌ವೂಫರಿನ ಗುಂಡಿ ಎಷ್ಟು ತಿರುಗಿಸಿದರೂ ಪಕ್ಕದ ಮನೆಯವರಿಗೆ ತೊಂದರೆಯೇ ಹೊರತು ನಿಮಗೆ ಲಾಭವಿಲ್ಲ.

ಇದಕ್ಕೊಂದು ಸುಲಭ ಪ್ರಯೋಗವಿದೆ. ಸಬ್‌ವೂಫರನ್ನು ನೀವು ಕೂರುವ ಜಾಗದಲ್ಲೇ ಇಟ್ಟು, ತಗ್ಗು ಸ್ವರದ ಸಂಗೀತ ಹಾಕಿ, ಗೋಡೆಯಂಚಿನಲ್ಲಿ ಬಗ್ಗಿ ನಡೆಯಿರಿ. ಎಲ್ಲಿ ಸದ್ದು ಸಮನಾಗಿ, ಸ್ಪಷ್ಟವಾಗಿ ಕೇಳುತ್ತದೋ ಅಲ್ಲಿಗೆ ಅದನ್ನು ಸರಿಸಿ. ನಂತರ ಮಟ್ಟವನ್ನು ಮತ್ತೆ ಅಳೆಯಿರಿ.

ಕೊನೆಗೆ, ಮನೆಯ ಹಿರಿಯರನ್ನು ಕೂರಿಸಿ ಒಂದು ಸಂಭಾಷಣೆ ಕೇಳಿಸಿ. ಪ್ರತಿ ಮಾತೂ ಅವರಿಗೆ ತಿಳಿದರೆ ನಿಮ್ಮ ಹೊಂದಾಣಿಕೆ ಸರಿಯಾಗಿದೆ ಎಂದು ತಿಳಿಯಿರಿ.